ಮಗಳಿಗೆ ಪ್ರಾಣಿ ಕಂಡರೆ ಭಯ, ಮಾವನಿಗೆ ದನ ಅಂದ್ರೆ ಪ್ರಾಣ: ಕಾಟ್ಸ್‌ವೋಲ್ಡ್ ಫಾರ್ಮ್ ಪಾರ್ಕ್‌ಗೆ ಹೋದವರು ಹೇಳಿ

ಗುಬ್ಬಿ ಸೊಸೆ, ರೆಡಿಂಗ್ · ಮಾರ್ಚ್ 20

ಎಲ್ಲರಿಗೂ ನಮಸ್ಕಾರ.

ಊರಿಂದ ಮಾವ ಬಂದು ಐದು ವಾರ ಆಯ್ತು. ವಯಸ್ಸು ಎಪ್ಪತ್ತೆರಡು. ಗುಬ್ಬಿ ಹತ್ತಿರದ ಹಳ್ಳಿ. ನಾನು ಮದುವೆಯಾಗಿ ಆ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಎರಡು ಹಸು, ಮೂವತ್ತು ಕುರಿ ಇದ್ದವು. ಅತ್ತೆ ತೀರಿಕೊಂಡ ಮೇಲೆ ಒಂದೊಂದಾಗಿ ಮಾರಿದರು. ಕೊನೆಗೆ ಎತ್ತುಗಳನ್ನೂ ಸಿದ್ಧಗಂಗೆ ಜಾತ್ರೆಯಲ್ಲಿ ಕೊಟ್ಟು ಬಂದರು. ಆ ದಿನ ರಾತ್ರಿ ಫೋನ್ ಮಾಡಿದಾಗ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ.

ಇಲ್ಲಿಗೆ ಬಂದ ಮೇಲೆ ಲಂಡನ್ ತೋರಿಸಿದೆವು. ಟವರ್ ಬ್ರಿಡ್ಜ್, ಅರಮನೆ, ಮ್ಯೂಸಿಯಂ ಎಲ್ಲ ಆಯ್ತು. ಎಲ್ಲದಕ್ಕೂ "ಚೆನ್ನಾಗಿದೆ ಕಣಮ್ಮ" ಅಂತಾರೆ, ಅಷ್ಟೇ. ಹೋದ ವಾರ ರೈಲಿನಲ್ಲಿ ಬರುವಾಗ ಕಿಟಕಿಯಾಚೆ ಕುರಿಮಂದೆ ಕಂಡಿತು. ಎದ್ದು ನಿಂತು ನೋಡಿದರು. "ಇವನ್ನ ಕಾಯೋರು ಯಾರೂ ಇಲ್ವಾ?" ಅಂತ ಕೇಳಿದರು. ಐದು ವಾರದಲ್ಲಿ ಅವರಾಗೇ ಕೇಳಿದ ಮೊದಲ ಪ್ರಶ್ನೆ ಅದು.

ಅದಕ್ಕೇ ಈಸ್ಟರ್ ರಜೆಯಲ್ಲಿ ಕಾಟ್ಸ್‌ವೋಲ್ಡ್ ಗುಡ್ಡಗಳ ಕಡೆ ಇರುವ, ದನ ಕುರಿ ನೋಡಲು ಸಿಗುವ ಫಾರ್ಮ್ ಪಾರ್ಕ್‌ಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೇನೆ. ಆದರೆ ಮಗಳಿಗೆ ಐದು ವರ್ಷ, ಪಕ್ಕದ ಮನೆಯ ನಾಯಿ ಕಂಡರೂ ನನ್ನ ಹಿಂದೆ ಅಡಗುತ್ತಾಳೆ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋದರೆ ಸರಿ ಹೋಗುತ್ತಾ? ಮಾವನಿಗೆ ಮಂಡಿ ನೋವು ಬೇರೆ. ನಡೆಯುವ ದಾರಿ ಎಷ್ಟು ಉದ್ದ? ಊಟಕ್ಕೆ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಬೆಣ್ಣೆದೋಸೆ, ಸ್ವಿಂಡನ್ · ಮಾರ್ಚ್ 20

ಖಂಡಿತ ಹೋಗಿ ಅಕ್ಕ. ನಾವು ಮೂರು ಸಲ ಹೋಗಿದ್ದೇವೆ.

ಮೊದಲು ಒಂದು ವಿಷಯ. ಟಿಕೆಟ್ ಮಾಡುವಾಗ ಹೆಸರು ಸರಿಯಾಗಿ ನೋಡಿ. ಆ ಕಡೆ ಕಾಟ್ಸ್‌ವೋಲ್ಡ್ ವೈಲ್ಡ್‌ಲೈಫ್ ಪಾರ್ಕ್ ಅಂತ ಇನ್ನೊಂದಿದೆ, ಬರ್ಫರ್ಡ್ ಊರಿನ ಹತ್ತಿರ. ಅಲ್ಲಿರುವುದು ಘೇಂಡಾಮೃಗ, ಜಿರಾಫೆ, ಲೆಮೂರ್. ಅದೂ ಒಳ್ಳೇ ಜಾಗವೇ, ಆದರೆ ಅದು ಮೃಗಾಲಯ. ನಿಮ್ಮ ಮಾವನಿಗೆ ಬೇಕಾಗಿರುವುದು ಫಾರ್ಮ್ ಪಾರ್ಕ್. ಅದು ಗೈಟಿಂಗ್ ಪವರ್ ಅನ್ನುವ ಹಳ್ಳಿಯ ಹತ್ತಿರ, ಬೋರ್ಟನ್ ಆನ್ ದ ವಾಟರ್‌ನಿಂದ ಕಾರಲ್ಲಿ ಕಾಲು ಗಂಟೆ. ನಮ್ಮ ಸ್ನೇಹಿತರೊಬ್ಬರು ಒಂದಕ್ಕೆ ಟಿಕೆಟ್ ಮಾಡಿ ಇನ್ನೊಂದರ ಗೇಟಿಗೆ ಹೋಗಿ ನಿಂತಿದ್ದರು. ಪಾಪ, ಮಕ್ಕಳಿಗೆ ಅರ್ಧ ದಿನ ಹಾಳಾಯ್ತು.

ಕಾರಿಲ್ಲದೆ ಹೋಗುವುದು ಕಷ್ಟ. ರೈಲಾದರೆ ಮೋರ್ಟನ್ ಇನ್ ಮಾರ್ಶ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಜಾಗ ಗುಡ್ಡದ ಮೇಲಿದೆ, ಗಾಳಿ ಜೋರು. ಏಪ್ರಿಲ್ ಅಂತ ನಂಬಿಕೊಂಡು ಹೋಗಬೇಡಿ. ಮಾವನಿಗೆ ಟೋಪಿ, ಮಫ್ಲರ್, ದಪ್ಪ ಸಾಕ್ಸ್ ಬೇಕೇ ಬೇಕು. ಎಲ್ಲರಿಗೂ ಗಮ್‌ಬೂಟ್ ತಗೊಳ್ಳಿ. ಮುಖ್ಯ ದಾರಿಗಳು ಗಟ್ಟಿಯಾಗಿವೆ, ತಳ್ಳುಗಾಡಿಯೂ ಹೋಗುತ್ತದೆ. ಹುಲ್ಲಿಗೆ ಇಳಿದರೆ ಮಾತ್ರ ಕೆಸರು.

ಹೊಲಗಳ ಸುತ್ತ ಸುಮಾರು ಎರಡು ಮೈಲಿಯ ನಡಿಗೆ ದಾರಿ ಇದೆ. ಮಂಡಿ ನೋವಿದ್ದರೆ ಅದನ್ನು ಪೂರ್ತಿ ಮುಗಿಸುವ ಹಟ ಬೇಡ. ಟ್ರ್ಯಾಕ್ಟರ್ ಹಿಂದೆ ಟ್ರೇಲರ್‌ನಲ್ಲಿ ಕೂರಿಸಿ ಸುತ್ತಿಸುತ್ತಾರೆ, ಅದು ಸಾಕು.

ಊಟಕ್ಕೆ ನಾವು ಪುಳಿಯೋಗರೆ, ಚಪಾತಿ ರೋಲ್ ಒಯ್ದಿದ್ದೆವು. ಹೊರಗೆ ಮೇಜು ಹಾಕಿದ್ದಾರೆ. ಫ್ಲಾಸ್ಕ್‌ನಲ್ಲಿ ಕಾಫಿ ಮರೀಬೇಡಿ.

ಮೂಗುದಾರ, ಚೆಲ್ಟೆನ್‌ಹ್ಯಾಮ್ · ಮಾರ್ಚ್ 21

ನಾನು ಹೆಬ್ಬಾಳದಲ್ಲಿ ಓದಿದ ಪಶುವೈದ್ಯ. ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಈ ಜಾಗದ ಬಗ್ಗೆ ನನಗೆ ಬಹಳ ಅಭಿಮಾನ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಇದು ಮಕ್ಕಳ ಆಟಕ್ಕೆ ಅಂತ ನಾಲ್ಕು ಮೇಕೆ ತಂದು ಕಟ್ಟಿದ ಜಾಗ ಅಲ್ಲ. ಬೆಂಬರೋ ಫಾರ್ಮ್ ಅಂತ ಅದರ ಹೆಸರು, ಇವತ್ತಿಗೂ ಬೇಸಾಯ ನಡೆಯುವ ಹೊಲ. ಅಲ್ಲಿ ಗೇಣಿಗೆ ಬೇಸಾಯ ಮಾಡುತ್ತಿದ್ದ ಜೋ ಹೆನ್ಸನ್ ಅವರು 1971ರಲ್ಲಿ ಜನರಿಗೆ ಬಾಗಿಲು ತೆರೆದರು. ಕಾರಣ ಇಷ್ಟೇ. ಆಗ ಇಲ್ಲಿನ ಹಳೇ ತಳಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಜಾಸ್ತಿ ಹಾಲು, ಜಾಸ್ತಿ ಮಾಂಸ ಕೊಡುವ ತಳಿ ಬಂದ ಮೇಲೆ ಹಳೆಯದನ್ನು ಸಾಕುವವರು ಯಾರು? ಸಾಕುವ ಖರ್ಚು ಹುಟ್ಟಬೇಕಾದರೆ ಜನ ಟಿಕೆಟ್ ಕೊಟ್ಟು ನೋಡಲಿ ಅನ್ನುವುದು ಅವರ ಲೆಕ್ಕ. 1973ರಲ್ಲಿ ಅಪರೂಪದ ತಳಿಗಳನ್ನು ಉಳಿಸಲು ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಶುರುವಾಯಿತು, ಅದರ ಮೊದಲ ಅಧ್ಯಕ್ಷರೂ ಅವರೇ. 1900ರಿಂದ 1973ರ ಒಳಗೆ ಬ್ರಿಟನ್ 26 ನಾಡತಳಿಗಳನ್ನು ಕಳೆದುಕೊಂಡಿತ್ತು. ಟ್ರಸ್ಟ್ ಹುಟ್ಟಿದ ಮೇಲೆ ಒಂದೂ ಹೋಗಿಲ್ಲ. ಜೋ 2015ರಲ್ಲಿ ತೀರಿಕೊಂಡರು. ಈಗ ಮಗ ಆಡಂ ನೋಡಿಕೊಳ್ಳುತ್ತಿದ್ದಾರೆ, ಟಿವಿಯಲ್ಲಿ ನೋಡಿರುತ್ತೀರಿ.

ಮಾವನಿಗೆ ತಪ್ಪದೆ ತೋರಿಸಬೇಕಾದವು ಹೇಳುತ್ತೇನೆ. ಕಾಟ್ಸ್‌ವೋಲ್ಡ್ ಕುರಿ: ಹಣೆಯ ಮೇಲೆ ಜಡೆ ಬಿಟ್ಟ ಹಾಗೆ ಉದ್ದ ಉಣ್ಣೆ. ಇದಕ್ಕೆ ಕಾಟ್ಸ್‌ವೋಲ್ಡ್ ಸಿಂಹ ಅಂತಲೇ ಹೆಸರು. ಈ ಸೀಮೆಯ ನಾರ್ತ್‌ಲೀಚ್, ಚಿಪ್ಪಿಂಗ್ ಕ್ಯಾಂಪ್‌ಡನ್ ಊರುಗಳ ದೊಡ್ಡ ಚರ್ಚುಗಳು ಎದ್ದಿದ್ದು ಉಣ್ಣೆ ವ್ಯಾಪಾರದ ದುಡ್ಡಿನಲ್ಲಿ. ನಾರ್ತ್ ರೊನಾಲ್ಡ್‌ಸೇ ಕುರಿ: ಸ್ಕಾಟ್‌ಲೆಂಡ್‌ನ ಬಡಗಣ ದ್ವೀಪದ್ದು, ಕಡಲಪಾಚಿ ತಿಂದು ಬದುಕುತ್ತದೆ. ಹೊಲಕ್ಕೆ ನುಗ್ಗದಿರಲಿ ಅಂತ 1832ರಲ್ಲಿ ದ್ವೀಪದ ಸುತ್ತ ಗೋಡೆ ಕಟ್ಟಿ ಅವನ್ನು ಕಡಲ ದಡಕ್ಕೆ ಬಿಟ್ಟಿದ್ದರು. ಆಮೇಲೆ ಗ್ಲಾಸ್ಟರ್‌ಶೈರ್ ಓಲ್ಡ್ ಸ್ಪಾಟ್ ಹಂದಿ. ತೋಟದಲ್ಲಿ ಉದುರಿದ ಸೇಬು ಮೈಮೇಲೆ ಬಿದ್ದು ಕಪ್ಪು ಮಚ್ಚೆ ಆಯ್ತು ಅಂತ ಇಲ್ಲಿನವರು ಮಕ್ಕಳಿಗೆ ಕಥೆ ಹೇಳುತ್ತಾರೆ.

ಎಲ್ಲಕ್ಕಿಂತ ಮೊದಲು ಗ್ಲಾಸ್ಟರ್ ಹಸು ತೋರಿಸಿ. ಕಡುಕಂದು ಬಣ್ಣ, ಬೆನ್ನಿನಿಂದ ಬಾಲದ ತನಕ ಬಿಳಿ ಪಟ್ಟೆ. 1972ರಲ್ಲಿ ಉಳಿದಿದ್ದ ಮುಖ್ಯ ಮಂದೆ ಹರಾಜಿಗೆ ಬಂದಾಗ ತಳಿಯೇ ಮುಗಿಯಿತು ಅಂದುಕೊಂಡಿದ್ದರು. ಕೆಲವರು ಸೇರಿ ಕೊಂಡು ಉಳಿಸಿದರು.

ಏಪ್ರಿಲ್‌ನಲ್ಲಿ ಹೋದರೆ ಕುರಿ ಈಯುವುದನ್ನೂ ನೋಡಬಹುದು. ದೊಡ್ಡ ಕೊಟ್ಟಿಗೆ, ಹುಲ್ಲಿನ ಹಾಸು, ಜನ ಬೇಲಿಯ ಈಚೆ ಕೂತು ನೋಡುತ್ತಾರೆ. ನನ್ನ ಸಲಹೆ: ಹತ್ತು ಜಾಗ ಓಡಾಡಬೇಡಿ. ಆ ಕೊಟ್ಟಿಗೆಯಲ್ಲೇ ಎರಡು ಗಂಟೆ ಸುಮ್ನೆ ಕೂತುಬಿಡಿ. ದನ ಸಾಕಿದವರಿಗೆ ಅವಸರ ಆಗಿ ಬರುವುದಿಲ್ಲ.

ಕೃಷ್ಣೆ, ಲೀಡ್ಸ್ · ಮಾರ್ಚ್ 21

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನ್ರಿ, ಬೇಜಾರಾಗಬ್ಯಾಡ್ರಿ. ನಾಲ್ಕು ಜನರ ಟಿಕೆಟ್, ಪೆಟ್ರೋಲ್, ಊಟ ಸೇರಿದರೆ ಒಂದು ದಿನಕ್ಕೆ ದೊಡ್ಡ ಮೊತ್ತ ಆಗ್ತದ. ಈ ದೇಶದಾಗ ಹೊಲಗಳ ನಡುವೆ ಸಾರ್ವಜನಿಕ ಕಾಲುದಾರಿ ಎಲ್ಲಾ ಕಡೆ ಅದಾವ. ಒಂದು ಪೈಸೆ ಕೊಡಬೇಕಾಗಿಲ್ಲ. ನಮ್ಮಪ್ಪ ಬಂದಾಗ ನಾನು ಯಾರ್ಕ್‌ಶೈರ್ ಡೇಲ್ಸ್‌ನಾಗ ಹಿಂಗೇ ನಡಕೊಂಡು ಹೋಗಿದ್ದೆ. ಕುರಿ, ಆಕಳ, ಕಲ್ಲಿನ ಗೋಡೆ ಎಲ್ಲಾ ನೋಡಿದರು. ಒಬ್ಬ ರೈತನ ಜೋಡಿ ಗೇಟ್ ಹತ್ತಿರ ಅರ್ಧ ತಾಸು ನಿಂತು ಮಾತಾಡಿದರು. ನಾನು ನಡುವೆ ನಿಂತು ಭಾಷೆ ಹೇಳಿದೆ. ಆ ರೈತ ಸಿಕ್ಕಿದ್ದು ನಮ್ಮಪ್ಪನಿಗೆ ಇವತ್ತಿಗೂ ನೆನಪು.

ಮೂಗುದಾರ, ಚೆಲ್ಟೆನ್‌ಹ್ಯಾಮ್ · ಮಾರ್ಚ್ 21

ಕೃಷ್ಣೆ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ದುಡ್ಡಿನ ಲೆಕ್ಕ ನಿಜ. ಆದರೆ ಎರಡು ವಿಷಯ. ಕಾಲುದಾರಿಯಲ್ಲಿ ಪ್ರಾಣಿಯ ಹತ್ತಿರ ಹೋಗುವಂತಿಲ್ಲ. ಕರು ಇರುವ ಹಸುಗಳ ಮಧ್ಯೆ ಐದು ವರ್ಷದ ಮಗುವನ್ನು ನಡೆಸಿಕೊಂಡು ಹೋಗುವುದನ್ನು ನಾನಂತೂ ಹೇಳುವುದಿಲ್ಲ. ನಮ್ಮ ಊರಿನ ಹಸುವಿನ ಹಾಗೆ ಇವಕ್ಕೆ ದಿನಾ ಜನರ ಒಡನಾಟ ಇರುವುದಿಲ್ಲ. ಎರಡನೆಯದು, ಟಿಕೆಟ್ ದುಡ್ಡಲ್ಲೇ ಆ ತಳಿಗಳು ಬದುಕಬೇಕು.

ಕಾಲುದಾರಿಗೆ ಹೋಗುವವರು ನೆನಪಿಡಿ: ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ರೈತ ಯಾವುದೋ ಕಾರಣಕ್ಕೆ ಹಾಗೆ ಬಿಟ್ಟಿರುತ್ತಾನೆ. ದಾರಿ ಪಕ್ಕ ತುರಚಿ ಗಿಡ ಇರುತ್ತದೆ, ಮಕ್ಕಳಿಗೆ ಪೂರ್ತಿ ಪ್ಯಾಂಟ್ ಹಾಕಿ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿ. ಇಲ್ಲಿನ ಕೆಲವು ಉಣ್ಣಿಗಳಿಂದ ಲೈಮ್ ಕಾಯಿಲೆ ಬರುತ್ತದೆ.

ಕಾವೇರಿ ತೀರ, ಲಂಡನ್ · ಮಾರ್ಚ್ 22

ಇದನ್ನೆಲ್ಲ ಓದಿ ನಮಗೂ ಹೋಗುವ ಆಸೆ ಆಯ್ತು. ನನಗೀಗ ಐದು ತಿಂಗಳು. ದೊಡ್ಡ ಮಗ ಕುರಿಮರಿ ನೋಡಬೇಕು ಅಂತ ಹಟ ಹಿಡಿದಿದ್ದಾನೆ. ನಾನೂ ಹೋಗಬಹುದಾ?

ತುಂಗಾ, ಬರ್ಮಿಂಗ್‌ಹ್ಯಾಮ್ · ಮಾರ್ಚ್ 22

ನಾನು ಮಿಡ್‌ವೈಫ್ ಕೆಲಸ ಮಾಡುತ್ತೇನೆ, ಹಾಗಾಗಿ ತಕ್ಷಣ ಬರೆಯುತ್ತಿದ್ದೇನೆ. ಕುರಿ ಈಯುವ ಕೊಟ್ಟಿಗೆಗೆ ನೀವು ಹೋಗಲೇಬೇಡಿ. ಈದ ಕುರಿ, ಹಸಿ ಮರಿ, ಮಾಸು ಇವುಗಳಿಂದ ಟಾಕ್ಸೊಪ್ಲಾಸ್ಮಾ, ಲಿಸ್ಟೀರಿಯಾ, ಕ್ಲಮೈಡಿಯಾ ಜಾತಿಯ ಸೋಂಕು ತಗುಲಬಹುದು. ಬಸುರಿಗೆ ಅದು ಗರ್ಭಪಾತದ ತನಕ ಹೋಗುವ ಅಪಾಯ. ಅಪರೂಪ ನಿಜ, ಆದರೆ ಆಮೇಲೆ ಪಶ್ಚಾತ್ತಾಪ ಪಡುವ ವಿಷಯ ಅಲ್ಲ ಇದು. ಆಗ ತಾನೇ ಈದ ಹಸು, ಮೇಕೆಗೂ ಇದೇ ಮಾತು.

ಮಗನನ್ನು ನಿಮ್ಮ ಯಜಮಾನರು ಕರೆದುಕೊಂಡು ಹೋಗಲಿ. ಅವರು ಮರಿ ಮುಟ್ಟಿದ್ದರೆ ಆ ಬಟ್ಟೆ, ಬೂಟು ನೀವು ಮುಟ್ಟಬೇಡಿ, ಒಗೆಯುವುದೂ ಬೇಡ. ಹೋಗಿ ಬಂದ ಮೇಲೆ ನಿಮಗೆ ಜ್ವರ, ಮೈಕೈ ನೋವು ಬಂದರೆ ಫ್ಲೂ ಅಂತ ಸುಮ್ಮನಿರದೆ ಕರೆ ಮಾಡಿ, ಫಾರ್ಮ್‌ಗೆ ಹೋದ ವಿಷಯ ಹೇಳಿ. ಈ ವರ್ಷ ಬೇಡ. ಮುಂದಿನ ವರ್ಷ ಕೈಕೂಸಿನ ಜೊತೆ ಹೋಗಿ.

ಕಾವೇರಿ ತೀರ, ಲಂಡನ್ · ಮಾರ್ಚ್ 22

ಎಷ್ಟು ಉಪಕಾರ ಆಯ್ತು ಅಂದ್ರೆ! ನನಗೆ ಇದು ಗೊತ್ತೇ ಇರಲಿಲ್ಲ. ಯಜಮಾನರಿಗೆ ಈಗಲೇ ಓದಿಸಿದೆ.

ಬೆಣ್ಣೆದೋಸೆ, ಸ್ವಿಂಡನ್ · ಮಾರ್ಚ್ 23

ಸೋಂಕಿನ ಮಾತು ಬಂತಲ್ಲ, ನಮ್ಮ ಮನೆಯದೇ ಒಂದು ಹೇಳುತ್ತೇನೆ. ಇದು ಈ ಜಾಗ ಅಲ್ಲ, ಬೇರೆ ಒಂದು ಸಣ್ಣ ಫಾರ್ಮ್. ಮಗನಿಗೆ ಆಗ ಮೂರು ವರ್ಷ. ಮೇಕೆಗೆ ತಿನ್ನಿಸಿದ. ಕೈ ತೊಳೆಯಲು ಹೋದರೆ ಎರಡು ನಲ್ಲಿಯಲ್ಲಿ ನೀರೇ ಇಲ್ಲ. ನನ್ನ ಬ್ಯಾಗಿನಲ್ಲಿದ್ದ ಜೆಲ್ ಹಚ್ಚಿ ಬಿಸ್ಕತ್ ಕೊಟ್ಟೆ. ನಾಲ್ಕನೇ ದಿನಕ್ಕೆ ಭೇದಿ ಶುರುವಾಯಿತು, ಒಂದು ವಾರ ಮಗು ಬಾಡಿಹೋಯಿತು. ಅದರಿಂದಲೇ ಬಂತು ಅಂತ ಯಾರೂ ಬರೆದು ಕೊಡಲಿಲ್ಲ. ಆದರೆ ಆ ಬಿಸ್ಕತ್ ನಾನು ಕೊಡಬಾರದಿತ್ತು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಮೂಗುದಾರ, ಚೆಲ್ಟೆನ್‌ಹ್ಯಾಮ್ · ಮಾರ್ಚ್ 23

ನೀವು ಬರೆದಿದ್ದು ಒಳ್ಳೆಯದಾಯಿತು. ಬಹಳ ಜನ ಜೆಲ್ ಹಚ್ಚಿದರೆ ಸಾಕು ಅಂದುಕೊಂಡಿದ್ದಾರೆ. ಸಾಲದು. ಫಾರ್ಮ್‌ನ ಕೊಳೆಗೆ ಸೋಪು ಮತ್ತು ಹರಿಯುವ ನೀರೇ ಬೇಕು. ಇ ಕೋಲೈ ಒ157 ಅನ್ನುವ ಬ್ಯಾಕ್ಟೀರಿಯ ದನ, ಕುರಿ, ಮೇಕೆಗಳ ಕರುಳಲ್ಲಿ ಸುಮ್ನೆ ಇರುತ್ತದೆ. ಪ್ರಾಣಿ ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಕಿಡ್ನಿಗೇ ತೊಂದರೆ ಆಗಬಹುದು. 2009ರಲ್ಲಿ ಸರ್ರೆಯ ಒಂದು ಫಾರ್ಮ್‌ನಿಂದ 93 ಜನರಿಗೆ ತಗುಲಿತ್ತು, ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಮುಟ್ಟಿ, ತಿನ್ನಿಸಿ, ಆಮೇಲೆ ತೊಳೆಯಿರಿ. ತೊಳೆದ ಮೇಲೆ ಮತ್ತೆ ಪ್ರಾಣಿ ಹತ್ತಿರ ಹೋಗದೆ ನೇರವಾಗಿ ಊಟಕ್ಕೆ ಬನ್ನಿ. ಬೂಟು ಬಿಚ್ಚಿದ ಕೈಯನ್ನೂ ತೊಳೆಯಬೇಕು. ಬಾಯಿಗೆ ಬೆರಳು ಹಾಕುವ ಮಗುವಿನ ಮೇಲೆ ಒಬ್ಬರ ಕಣ್ಣು ಇರಲಿ. ಎಲ್ಲಿಯಾದರೂ ನಲ್ಲಿಯಲ್ಲಿ ನೀರಿಲ್ಲ ಅಂದ್ರೆ ಅಲ್ಲಿ ಏನೂ ಮುಟ್ಟಿಸಬೇಡಿ.

ಗುಬ್ಬಿ ಸೊಸೆ ಅವರೇ, ಮಗಳ ಭಯದ ಬಗ್ಗೆ: ಮೊದಲು ಕೋಳಿ, ಗಿನಿ ಪಿಗ್ ತೋರಿಸಿ, ದೊಡ್ಡದು ಆಮೇಲೆ. ಮುಟ್ಟು ಮುಟ್ಟು ಅಂತ ಒತ್ತಾಯ ಬೇಡ. ನಿಮ್ಮ ಮಾವ ಮುಟ್ಟುವುದನ್ನು ಅವಳು ನೋಡಲಿ, ಅಷ್ಟೇ ಸಾಕು.

ಗುಬ್ಬಿ ಸೊಸೆ, ರೆಡಿಂಗ್ · ಏಪ್ರಿಲ್ 9

ಹೋಗಿ ಬಂದೆವು! ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಏಳಕ್ಕೆ ಬಿಟ್ಟೆವು. ಪುಳಿಯೋಗರೆ, ಚಪಾತಿ, ಹುರಿದ ಕಡ್ಲೆಕಾಯಿ ಕಟ್ಟಿಕೊಂಡಿದ್ದೆ. ಬೆಣ್ಣೆದೋಸೆ ಹೇಳಿದ ಹಾಗೆ ಗಾಳಿ ಹೊಡೆತ ಜೋರಿತ್ತು. ಮಾವ ಊರಿಂದ ತಂದಿದ್ದ ಕಂಬಳಿ ಹೊದ್ದೇ ಬರುತ್ತೇನೆ ಅಂದರು. ಬೇಡ ಅನ್ನಲಿಲ್ಲ. ಒಳ್ಳೆಯದೇ ಆಯ್ತು, ಮುಂದೆ ಹೇಳುತ್ತೇನೆ.

ಮೊದಲು ಗ್ಲಾಸ್ಟರ್ ಹಸುವಿನ ಹತ್ತಿರ ಹೋದೆವು. ಮಾವ ಬೇಲಿಗೆ ಒರಗಿ ನಿಂತರು. "ಹಿಣಿಲು ಇಲ್ಲ. ಗಂಗೆದೊಗಲೂ ಇಲ್ಲ" ಅಂದರು. ಆಮೇಲೆ ಅದರ ಹಣೆ, ಬೆನ್ನು ಎಲ್ಲ ಕೂದಲ ಸುಳಿ ಹುಡುಕಿದರು. ಹಸು ಕೊಳ್ಳುವವರು ನಿಲ್ಲುತ್ತಾರಲ್ಲ, ಹಾಗೆ ಪಕ್ಕಕ್ಕೆ ಹೋಗಿ, ಬಗ್ಗಿ ಕೆಚ್ಚಲು ನೋಡಿ, ಮತ್ತೆ ಮುಂದಕ್ಕೆ ಬಂದರು. "ಹಣೆ ಸುಳಿ ಚೆನ್ನಾಗಿದೆ" ಅಂದರು. ಟವರ್ ಬ್ರಿಡ್ಜ್‌ಗೆ ಹೇಳಿದ "ಚೆನ್ನಾಗಿದೆ" ಬೇರೆ, ಇದು ಬೇರೆ.

ಕುರಿ ಈಯುವ ಕೊಟ್ಟಿಗೆಗೆ ಹತ್ತೂವರೆಗೆ ಹೋದವರು ಹೊರಗೆ ಬಂದಿದ್ದು ಒಂದು ಗಂಟೆಗೆ. ಮೂಗುದಾರ ಅವರ ಮಾತು ನೂರಕ್ಕೆ ನೂರು ನಿಜ.

ಒಂದು ಕುರಿ ಮೂಲೆಯಲ್ಲಿ ಹುಲ್ಲು ಕೆರೆಯುತ್ತಾ, ಮಲಗುತ್ತಾ, ಏಳುತ್ತಾ ಇತ್ತು. ಮಾವ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ನೀರಿನ ಚೀಲ ಒಡೆಯಿತು. ಸ್ವಲ್ಪ ಹೊತ್ತಿಗೆ ಒಂದು ಗೊರಸು, ಅದರ ಮೇಲೆ ಮೂತಿ ಕಂಡಿತು. ಮಾವ ಮೆಲ್ಲಗೆ, "ಒಂದೇ ಕಾಲು ಬಂದಿದೆ. ಇನ್ನೊಂದು ಹಿಂದಕ್ಕೆ ಮಡಚಿಕೊಂಡಿದೆ. ಅವರಿಗೆ ಹೇಳಮ್ಮ" ಅಂದರು. ನನಗೆ ಸಂಕೋಚ. ಆದರೂ ಅಲ್ಲಿ ನಿಂತಿದ್ದ ಕುರಿ ನೋಡಿಕೊಳ್ಳುವ ಹೆಂಗಸಿಗೆ ಹೇಳಿದೆ. ಆಕೆಯೂ ಅದನ್ನೇ ಗಮನಿಸುತ್ತಿದ್ದಳು. ತಲೆಯಾಡಿಸಿ, ಉದ್ದ ಗ್ಲೌಸ್ ಹಾಕಿಕೊಂಡು ಮಂಡಿಯೂರಿದಳು. ಮರಿಯ ತಲೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ, ಬೆರಳಲ್ಲಿ ಆ ಕಾಲನ್ನು ಹುಡುಕಿ ಮುಂದಕ್ಕೆ ತಂದಳು. ಮಾವನ ಬಲಗೈ ಕಂಬಳಿಯೊಳಗೆ ಅದೇ ಥರ ಅಲ್ಲಾಡುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ.

ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ಹಳದಿ ಲೋಳೆ ಮೈ ತುಂಬ. ಆಕೆ ಮೂಗು ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ತಾಯಿಯ ಮೂತಿಯ ಮುಂದೆ ಇಟ್ಟಳು. ತಾಯಿ ಗಂಟಲಲ್ಲೇ ಗುರುಗುಟ್ಟುತ್ತಾ ನೆಕ್ಕಿತು.

ಮಗಳು ಅಷ್ಟು ಹೊತ್ತೂ ತಾತನ ಕಂಬಳಿಯ ಒಳಗೆ ಸೇರಿಕೊಂಡು ಒಂದು ಕಣ್ಣಲ್ಲಿ ನೋಡುತ್ತಿದ್ದಳು. "ಅದಕ್ಕೆ ನೋವಾಯ್ತಾ ತಾತ?" ಅಂದಳು. "ಆಯ್ತು ಮಗಾ. ಈಗ ಮರೆತುಬಿಟ್ಟಿದೆ ನೋಡು" ಅಂದರು. ಮರಿ ನಾಲ್ಕು ಸಲ ಎದ್ದು ನಾಲ್ಕು ಸಲ ಬಿತ್ತು. ಮಗಳು ಪ್ರತಿ ಸಲವೂ ಎಣಿಸಿದಳು. ಐದನೇ ಸಲ ನಿಂತು ಕೆಚ್ಚಲು ಹುಡುಕತೊಡಗಿತು. "ಗಿಣ್ಣು ಕುಡಿದರೆ ಆಯ್ತು, ಇನ್ನು ಬದುಕಿತು" ಅಂತ ಮಾವ ಆಮೇಲೆ ಆರಾಮಾಗಿ ಕೂತರು.

ಆ ಕುರಿಯ ಹೆಂಗಸು ಕೆಲಸ ಮುಗಿಸಿ, ಕೈ ತೊಳೆದು, ತಾನಾಗೇ ನಮ್ಮ ಹತ್ತಿರ ಬಂದಳು. ಮಾವನಿಗೆ ಎಷ್ಟು ಕುರಿ ಇತ್ತು ಅಂತ ಕೇಳಿದಳು. ನಾನು ನಡುವೆ ನಿಂತು ಭಾಷೆ ಹೇಳಿದೆ, ಕೃಷ್ಣೆ ಅವರ ಹಾಗೆ. ವಯಸ್ಸು ಹೇಗೆ ನೋಡುತ್ತೀರಿ ಅಂತ ಮಾವ ಕೇಳಿದರು. ಆಕೆ ಒಂದು ಕುರಿಯ ತುಟಿ ಎತ್ತಿ ಹಲ್ಲು ತೋರಿಸಿದಳು. ಇವರೂ ಎರಡು ಹಲ್ಲು, ನಾಲ್ಕು ಹಲ್ಲು ಅಂತಲೇ ಲೆಕ್ಕ ಹಾಕುತ್ತಾರಂತೆ! ಎಂಟೂ ಬಂದರೆ ಫುಲ್ ಮೌತ್. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಮಾವ "ಬಾಯಿಗೂಡಿದೆ" ಅಂದರು.

ಆಮೇಲೆ ತಬ್ಬಲಿ ಮರಿಯ ಮಾತು ಬಂತು. ಮರಿ ಸತ್ತ ತಾಯಿಗೆ ತಬ್ಬಲಿಯನ್ನು ಒಪ್ಪಿಸಬೇಕಾದರೆ ಕೆಲವು ಕುರಿಗಾರರು ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಅಂಗಿಯ ಹಾಗೆ ತೊಡಿಸುತ್ತಾರೆ ಅಂತ ಆಕೆ ಹೇಳಿದಳು. ವಾಸನೆ ಹಿಡಿದು ತಾಯಿ ಹಾಲು ಕೊಡುತ್ತದಂತೆ. ನಮ್ಮಲ್ಲಿ ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದೆವು, ಅಂದರು ಮಾವ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ಅತ್ತೆಯೇ ಆ ಹುಲ್ಲು ತುಂಬುತ್ತಿದ್ದಿದ್ದಂತೆ. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ.

ಆಕೆ ಕಂಬಳಿ ಮುಟ್ಟಿ ನೋಡಿದಳು. ಯಾವ ಕುರಿಯದ್ದು ಅಂತ ಕೇಳಿದಳು. ಮಾವ ಬಿಚ್ಚಿ ಕೈಗೇ ಕೊಟ್ಟರು.

ಮಗಳು ಮೇಕೆಗೆ ತಿನ್ನಿಸಲಿಲ್ಲ. ಮರಿಗೆ ಬಾಟಲಿ ಹಿಡಿಯಲೂ ಇಲ್ಲ. ನಾವು ಒತ್ತಾಯ ಮಾಡಲಿಲ್ಲ. ಆದರೆ ಸಂಜೆ ಹೊರಡುವ ಮೊದಲು ಕಾಟ್ಸ್‌ವೋಲ್ಡ್ ಕುರಿಯೊಂದು ಬೇಲಿಗೆ ಮೈ ಉಜ್ಜುತ್ತಾ ನಿಂತಿತ್ತು. ಬೇಲಿಯ ಸಂದಿನಲ್ಲಿ ಉಣ್ಣೆ ಹೊರಗೆ ಬಂದಿತ್ತು. ತಾತನ ಕೈ ಹಿಡಿದುಕೊಂಡೇ ಇನ್ನೊಂದು ಕೈಯ ಎರಡು ಬೆರಳು ಅದರೊಳಗೆ ತೂರಿಸಿದಳು. "ಅಮ್ಮಾ, ಎಣ್ಣೆ ಎಣ್ಣೆ!" ಅಂತ ಬೆರಳು ತೋರಿಸಿದಳು. ಉಣ್ಣೆಯ ಜಿಡ್ಡು. ಸೋಪು ಹಾಕಿ ಎರಡು ಸಲ ತೊಳೆಸಿದೆ, ಬೆಣ್ಣೆದೋಸೆ ನೆನಪಾದರು.

ಎರಡು ಮೈಲಿಯ ದಾರಿಯಲ್ಲಿ ಕಾಲುಭಾಗ ನಡೆದಿರಬಹುದು. ಗಾರೆ ಇಲ್ಲದೆ ಕಟ್ಟಿದ ಸುಣ್ಣಕಲ್ಲಿನ ಗೋಡೆಯನ್ನು ಮಾವ ಒಂದೊಂದು ಕಲ್ಲು ತಟ್ಟಿ ನೋಡಿದರು. ಸ್ಕೈಲಾರ್ಕ್ ಹಕ್ಕಿ ಹಾಡುತ್ತಾ ನೆಟ್ಟಗೆ ಮೇಲಕ್ಕೇರಿ ಚುಕ್ಕಿಯಾಯಿತು. ಆಮೇಲೆ ಮಂಡಿ ಕೇಳಲಿಲ್ಲ, ವಾಪಸ್ ಬಂದೆವು.

ಅಂಬಾವಿಲಾಸ, ಬ್ರಿಸ್ಟಲ್ · ಏಪ್ರಿಲ್ 10

ಓದಿ ಕಣ್ಣು ತುಂಬಿ ಬಂತು. ಗ್ಲಾಸ್ಟರ್ ಹಸುವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ನಾನು ಮೈಸೂರಿನವಳು. 1796ರಲ್ಲಿ ಎಡ್ವರ್ಡ್ ಜೆನ್ನರ್ ಸಿಡುಬಿಗೆ ಲಸಿಕೆ ಪ್ರಯೋಗ ಮಾಡಿದ್ದು ಇದೇ ಗ್ಲಾಸ್ಟರ್‌ಶೈರ್‌ನ ಬರ್ಕ್ಲಿಯಲ್ಲಿ. ಅದಕ್ಕೆ ಕೀವು ತೆಗೆದಿದ್ದು ಹಾಲು ಕರೆಯುವ ಹುಡುಗಿಯೊಬ್ಬಳ ಗೋಸಿಡುಬಿನಿಂದ. ಅವಳಿಗೆ ಅದನ್ನು ಅಂಟಿಸಿದ ಹಸುವಿನ ಹೆಸರು ಬ್ಲಾಸಮ್, ಅದು ಗ್ಲಾಸ್ಟರ್ ತಳಿಯದ್ದು. ಅದರ ಚರ್ಮ ಲಂಡನ್ನಿನ ಸಿಟಿ ಸೇಂಟ್ ಜಾರ್ಜ್ ವಿಶ್ವವಿದ್ಯಾಲಯದಲ್ಲಿ ಇದೆ.

ಹತ್ತು ವರ್ಷದೊಳಗೆ ಆ ಲಸಿಕೆ ನಮ್ಮ ಮೈಸೂರು ಅರಮನೆಗೇ ಬಂತು. 1805ರ ಹೊತ್ತಿಗೆ ಬರೆದ ಒಂದು ಚಿತ್ರದಲ್ಲಿ ರಾಣಿಯೊಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಾ ನಿಂತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನೇ ತೋರಿಸುತ್ತಿದ್ದಾರೆ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ನಿಮ್ಮ ಮಾವ ಸುಳಿ ನೋಡಿದ ಹಸುವಿನ ವಂಶಕ್ಕೂ ನಮ್ಮೂರಿಗೂ ಅಷ್ಟು ಹಳೆಯ ನಂಟು.

ಕೃಷ್ಣೆ, ಲೀಡ್ಸ್ · ಏಪ್ರಿಲ್ 10

ಟಿಕೆಟ್ ಬಗ್ಗೆ ನಾನು ಆಡಿದ ಮಾತು ವಾಪಸ್ ತಗೋತೀನ್ರಿ. ನಮ್ಮ ಕಡೆ ಕೃಷ್ಣಾ ವ್ಯಾಲಿ ಅಂತ ತಳಿ ಇತ್ತು. ಎರೆ ಹೊಲದಾಗ ಆ ಎತ್ತು ಬಿಟ್ರೆ ಬೇರೆ ನಡೀತಿರಲಿಲ್ಲ. ಟ್ರ್ಯಾಕ್ಟರ್ ಬಂದ ಮ್ಯಾಲೆ ಈಗ ಹುಡುಕಿದರೂ ಸಿಗೋದು ಕಷ್ಟ. ನಮ್ಮಜ್ಜನ ಮನಿಯಾಗ ನಾಲ್ಕಿದ್ದವು. ನಮ್ಮ ಮಕ್ಕಳಿಗೆ ತೋರಿಸಬೇಕಂದರೆ ಎಲ್ಲಿಗೆ ಕರಕೊಂಡು ಹೋಗ್ಲಿ?

ಮೂಗುದಾರ, ಚೆಲ್ಟೆನ್‌ಹ್ಯಾಮ್ · ಏಪ್ರಿಲ್ 11

ಇದೇ ನೋವು ನನಗೂ ಇದೆ. ಅಮೃತಮಹಲ್‌ಗೆ ಅಜ್ಜಂಪುರದಲ್ಲಿ ಸಂವರ್ಧನಾ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಶುರುವಾಗಿ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಅಂತ ಹೆಸರಾದ ದನಗಳು ಅವು. ಅವು ಮೇಯಲಿ ಅಂತ ಬಿಟ್ಟ ಹುಲ್ಲುಗಾವಲುಗಳೇ ಬಹಳಷ್ಟು ಕರಗಿ ಹೋಗಿವೆ. ಹಳ್ಳಿಕಾರ್ ಜೋಡಿ ನೋಡಬೇಕಾದರೆ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಬೇಕು. ಮಲೆನಾಡು ಗಿಡ್ಡ ಇನ್ನೂ ಮನೆಮನೆಯಲ್ಲಿ ಉಳಿದಿದೆ. ಆದರೆ ಒಂದು ಕುಟುಂಬ ಮಕ್ಕಳ ಜೊತೆ ಬಂದು, ದಿನವಿಡೀ ಕೂತು, ಕೃಷ್ಣಾ ವ್ಯಾಲಿಯಿಂದ ಬನ್ನೂರು ಕುರಿಯ ತನಕ ನಮ್ಮ ತಳಿಗಳನ್ನೆಲ್ಲ ಒಂದೇ ಕಡೆ ನೋಡಿ, ಕಟ್ಟಿದ ದುಡ್ಡು ಅವುಗಳ ಮೇವಿಗೇ ಹೋಗುವಂಥ ಜಾಗ ನ‌ಮ್ಮಲ್ಲೂ ಬೇಕು. ಅಲ್ಲಿ ಮಾತಾಡಲು ನಿಮ್ಮ ಮಾವನಂಥವರೇ ಕೂತಿರಬೇಕು.

ಕಾವೇರಿ ತೀರ, ಲಂಡನ್ · ಏಪ್ರಿಲ್ 11

ನಮ್ಮವರೂ ಮಗನ ಜೊತೆ ಹೋಗಿ ಬಂದರು. ನಾನು ಮನೆಯಲ್ಲೇ ಉಳಿದೆ. ಬೂಟು ಹೊರಗೇ ತೊಳೆದರು, ಬಟ್ಟೆಯನ್ನು ತಾವೇ ಮಷೀನಿಗೆ ಹಾಕಿದರು. ತುಂಗಾ ಅಕ್ಕ, ಮತ್ತೊಮ್ಮೆ ನಮಸ್ಕಾರ.

ಬೆಣ್ಣೆದೋಸೆ, ಸ್ವಿಂಡನ್ · ಏಪ್ರಿಲ್ 11

ಅಕ್ಕ, ಮಾವನ ವೀಸಾ ಇನ್ನೂ ಇದ್ದರೆ ಉಣ್ಣೆ ಕತ್ತರಿಸುವ ಹೊತ್ತಿಗೆ ಇನ್ನೊಮ್ಮೆ ಹೋಗಿ. ಬೇಸಿಗೆ ಶುರುವಿನಲ್ಲಿ ಇರುತ್ತದೆ, ಹೋಗುವ ಮುಂಚೆ ದಿನ ಕೇಳಿಕೊಳ್ಳಿ.

ಗುಬ್ಬಿ ಸೊಸೆ, ರೆಡಿಂಗ್ · ಏಪ್ರಿಲ್ 12

ಅವರ ವಾಪಸ್ ಟಿಕೆಟ್ ಜೂನ್ ಕೊನೆಗಿದೆ. ಉಣ್ಣೆ ಕತ್ತರಿಸುತ್ತಾರಂತೆ ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಕತ್ತರೀಲೋ, ಮಷೀನಲ್ಲೋ?" ಅಂತ ಕೇಳಿದರು. ಮಷೀನು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಕತ್ತರಿ ಇಟ್ಟುಕೊಂಡಿರ್ತಾರೆ, ಕೇಳೋಣ" ಅಂದರು.